ಗಾಜಿನ ಮೇಲಿನ ಸಾಸಿವೆ

ನಮ್ಮ ಕಡೆ ಎದುರು ಸಿಕ್ಕವರು ಮೊದಲು ಕೇಳುವುದು "ಊಟ ಆಯ್ತಾ?" ಎಂದು. ಆಗಿರಲಿ ಬಿಡಲಿ, "ಆಯ್ತು" ಎನ್ನುವುದು ವಾಡಿಕೆ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಬ್ಬರಿದ್ದರು, ಅವರು ಮಾತ್ರ ಯಾರನ್ನೂ ಹಾಗೆ ಕೇಳುತ್ತಿರಲಿಲ್ಲ. "ಬೆಳಗಿಂದ ಬಾಯಿಗೆ ಏನೇನ್ ಬಿತ್ತು?" ಎನ್ನುತ್ತಿದ್ದರು. ಎರಡು ಗುಟುಕು ಕಾಫಿ, ಅರ್ಧ ಬಿಸ್ಕತ್ತು, ಎಲೆ ಅಡಿಕೆ, ಪ್ರಸಾದದ ಕಲ್ಲುಸಕ್ಕರೆ, ಕೆಮ್ಮಿಗೆಂದು ನೆಕ್ಕಿದ ಜೇನುತುಪ್ಪ, ಎಲ್ಲವನ್ನೂ ಬಾಯಿ ಬಿಡಿಸಿದ ಮೇಲೆಯೇ ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಿದ್ದರು. ಈ ಪ್ರಶ್ನೆ ಅವರಿಗೆ ಗಂಟುಬಿದ್ದದ್ದು ನನ್ನಿಂದ ಮತ್ತು ನಮ್ಮಜ್ಜಿಯಿಂದ. ಅದರ ಬಗ್ಗೆ ನನಗೆ ಸ್ವಲ್ಪ ನಾಚಿಕೆಯಿದೆ, ಸ್ವಲ್ಪ ಜಂಭವೂ ಇದೆ.

ಅವರದು ಒಂದೇ ಕೋಣೆಯ ರಕ್ತಪರೀಕ್ಷೆಯ ಲ್ಯಾಬ್. ಪಕ್ಕದಲ್ಲೇ ಕೊಬ್ಬರಿ ಮಂಡಿ ಇದ್ದುದರಿಂದ ಸ್ಪಿರಿಟ್ಟಿನ ವಾಸನೆಯ ಜೊತೆಗೆ ಕೊಬ್ಬರಿಯ ವಾಸನೆಯೂ ಒಳಗೆ ಬಂದು ಕೂತಿರುತ್ತಿತ್ತು. ಊರಿಗೆಲ್ಲ ಅವರು "ಲ್ಯಾಬಕ್ಕ". ಡಾಕ್ಟರುಗಳೂ ಚೀಟಿ ಬರೆದು "ಲ್ಯಾಬಕ್ಕನ ಹತ್ತಿರ ತೋರಿಸಿ" ಎನ್ನುತ್ತಿದ್ದರು. ಸಣಕಲು ಆಳು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕುವವರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆಂದರೆ ಎಡಗಾಲಿನ ಚಪ್ಪಲಿ ಕಳಚಿ, ಆ ಪಾದವನ್ನು ಬಲಪಾದದ ಮೇಲೆ ಇಟ್ಟುಕೊಂಡುಬಿಡುವರು. ಆಮೇಲೆ ಯಾರು ಕರೆದರೂ ಕೇಳುತ್ತಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವರ ಕೈಬರಹದಲ್ಲೇ ಒಂದು ರಟ್ಟು: "ಸೂಜಿಗೆ ಹೆದರುವವರು ಮೊದಲೇ ಹೇಳಿ, ನನಗೂ ಭಯ." ಅದು ನಿಜವಂತೆ. ತಮಗೆ ಇಂಜೆಕ್ಷನ್ ಕೊಡಿಸಿಕೊಳ್ಳುವಾಗ ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರೆಂದು ಅವರ ಅಕ್ಕನ ಮಗಳು ಹೇಳಿ ನಗುತ್ತಿದ್ದಳು. ಆ ಹುಡುಗಿಯನ್ನು ಸಾಕಿ, ಓದಿಸಿ, ತಮ್ಮ ಲ್ಯಾಬಿನಲ್ಲೇ ಕೆಲಸ ಕಲಿಸಿದ್ದರು.

ಹುಟ್ಟೂರು ಅರಕಲಗೂಡಿನ ಕಡೆ. ಓದಿದ್ದು ಹಾಸನದಲ್ಲಿ. ಹೊಳೆನರಸೀಪುರದಲ್ಲಿ ಬಹಳ ವರ್ಷ ಕೆಲಸ ಮಾಡಿ, ಆಮೇಲೆ ಇಲ್ಲಿಗೆ ಬಂದು ಸ್ವಂತ ಲ್ಯಾಬ್ ಹಾಕಿದವರು. ಇಷ್ಟು ಬಿಟ್ಟರೆ ಅವರ ಬಗ್ಗೆ ನನಗೆ ಗೊತ್ತಿದ್ದುದು ಕಡಿಮೆ. ಅವರಿಗೆ ನನ್ನ ಬಗ್ಗೆ, ನನ್ನ ರಕ್ತದ ಬಗ್ಗೆ, ನನಗಿಂತ ಹೆಚ್ಚು ಗೊತ್ತಿತ್ತು.

ನಾನು ಹಿರೀಸಾವೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಎಂಟು ವರ್ಷದ ಹಿಂದೆ, ಬಸುರಿಯಾಗಿ ಆರು ತಿಂಗಳು ತುಂಬುವಾಗ ಶುಗರ್ ಇದೆ ಎಂದು ಗೊತ್ತಾಯಿತು. ಅಲ್ಲಿಂದ ಲ್ಯಾಬಕ್ಕನ ಬಾಗಿಲು ತುಳಿಯುವುದು ಶುರುವಾಯಿತು. ನನ್ನನ್ನು "ಮೇಡಮ್ಮೋರೆ" ಎಂದು ಗೇಲಿ ಮಾಡುತ್ತ ಕರೆಯುತ್ತಿದ್ದರು. ಸೀಮಂತಕ್ಕೆ ತೊಡಿಸಿದ ಹಸಿರು ಬಳೆಗಳನ್ನು ಒಂದೊಂದಾಗಿ ಮೊಣಕೈ ಕಡೆಯಿಂದ ಕೆಳಗೆ ಸರಿಸುತ್ತ, "ಇಷ್ಟು ಬಳೆ ತೊಡ್ಸವ್ರೆ, ಒಂದ್ ನರ ಬಿಡಬಾರ್ದಾ ನಂಗೆ" ಎಂದು ಗೊಣಗುವುದು. ಅಷ್ಟರಲ್ಲಿ ಸೂಜಿ ಹೊಕ್ಕು ಹೊರಗೆ ಬಂದಿರುತ್ತಿತ್ತು.

ಎಂಟನೇ ತಿಂಗಳಲ್ಲಿ ಹಾಸನಕ್ಕೆ ಹೋಗಿದ್ದವಳು ಅಲ್ಲೇ ಒಂದು ಕಡೆ ರಕ್ತ ಕೊಟ್ಟೆ. ಪ್ಲೇಟ್‌ಲೆಟ್ ತೀರ ಕಡಿಮೆ ಎಂದು ಬಂತು. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಕಣಗಳು ಅವು. ಅವೇ ಇಲ್ಲದಿದ್ದರೆ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋದೀತು, ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾದೀತು ಎಂದು ಮನೆಯಲ್ಲೆಲ್ಲ ಗಾಬರಿ. ಡೆಂಗಿ ಬಂದವರಿಗೆ ಕೊಡುತ್ತಾರೆಂದು ಯಾರೋ ಹೇಳಿದ್ದೇ ತಡ, ನನ್ನ ಯಜಮಾನರು ಒಂದು ಚೀಲ ಪಪ್ಪಾಯಿ ಎಲೆ ತಂದರು. ಅಜ್ಜಿ ಅದನ್ನು ನೋಡಿ, "ಬಸ್ರಿಗೆ ಪರಂಗಿ ಎಲೆ ಕುಡ್ಸ್ತೀಯಾ? ಬುದ್ಧಿ ನೆಟ್ಟಗೈತಾ ನಿಂಗೆ?" ಎಂದು ಚೀಲ ಸಮೇತ ಬೀದಿಗೆ ಎಸೆದಳು. ನನ್ನ ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು, ಸಾಕಿದವಳು ಅಜ್ಜಿ. ಅವಳ ಮುಂದೆ ಅಳಿಯನ ಮಾತೂ ನಡೆಯುತ್ತಿರಲಿಲ್ಲ.

ಅಳುತ್ತಲೇ ಲ್ಯಾಬಕ್ಕನ ಹತ್ತಿರ ಹೋದೆ. ರಿಪೋರ್ಟ್ ನೋಡಿ ಪಕ್ಕಕ್ಕಿಟ್ಟರು. ಹೊಸದಾಗಿ ರಕ್ತ ತೆಗೆದು ಟ್ಯೂಬಿಗೆ ಹಾಕಿ, ಅದರಿಂದ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಇನ್ನೊಂದು ಗಾಜಿನಿಂದ ತೆಳ್ಳಗೆ ಎಳೆದು, ಬಣ್ಣ ಹಾಕಿ ಒಣಗಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟರು. ಎಡಪಾದ ಬಲಪಾದದ ಮೇಲೆ ಹೋಯಿತು. ಬಹಳ ಹೊತ್ತಾದ ಮೇಲೆ "ಬನ್ನಿ ಮೇಡಮ್ಮೋರೆ, ಲೆಕ್ಕ ತಪ್ಪಿರೋದು ಎಲ್ಲಿ ಅಂತ ನೀವೇ ನೋಡಿ" ಎಂದು ಕರೆದರು.

ಬಗ್ಗಿ ನೋಡಿದೆ. ಗುಲಾಬಿ ಬಣ್ಣದ ಬಿಲ್ಲೆಗಳ ನಡುವೆ ಅಲ್ಲಲ್ಲಿ ನೇರಳೆ ಚುಕ್ಕಿಗಳು.

"ಆ ನೇರಳೆ ಬಣ್ಣದವೇ ಪ್ಲೇಟ್‌ಲೆಟ್ಟು. ಎಲ್ಲಾರ್ದೂ ಸಾಸಿವೆ ಅಂಗೆ ಇರ್ತವೆ. ನಿಮ್ಮವು ನೋಡಿ, ಹೆಸರುಕಾಳು ಆಗವೆ. ಶುಗರ್ ಇರೋ ಬಸ್ರೀರಲ್ಲಿ ಇಂಗೆ ದಪ್ಪಗಾಗೋದ ನಾನು ಬಾಳ ನೋಡಿವ್ನಿ. ಅದ್ರ ಮೇಲೆ, ರಕ್ತ ಹೆಪ್ಪುಗಟ್ಬಾರ್ದು ಅಂತ ಟ್ಯೂಬಲ್ಲಿ ಹಾಕಿರ್ತಾರಲ್ಲ, ಆ ಔಷ್ದಿ ನಿಮ್ ರಕ್ತಕ್ಕೆ ಆಗ್ಬರಕಿಲ್ಲ. ಒಂದುಕ್ಕೊಂದು ಅಂಟ್ಕೊಂಡು ಗುಂಪು ಕಟ್ಕೊಂಡವೆ. ಮಿಷಿನ್ನು ಪಾಪ, ಹತ್ತು ಜನ ತಬ್ಕೊಂಡು ನಿಂತಿದ್ರೆ ಒಬ್ಬ ಅಂತ ಎಣಿಸ್ಬುಡ್ತು."

"ಹಾಗಾದರೆ ಕಡಿಮೆ ಆಗಿಲ್ವಾ?"

"ಎಲ್ಲಾ ಅಲ್ಲೇ ಅವೆ. ಕಣ್ಣಲ್ಲೇ ಎಣಿಸ್ದೆ. ಬೇರೆ ಟ್ಯೂಬಲ್ಲಿ ಇನ್ನೊಂದ್ಸಲ ಮಾಡಿ ಡಾಕ್ಟ್ರಿಗೆ ನಾನೇ ಫೋನ್ ಮಾಡ್ತೀನಿ. ಮುಖ ತೊಳ್ಕೊಳ್ಳಿ."

ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮಾಡಿದ ಲೆಕ್ಕ ಸರಿಯಾಗಿ ಬಂತು. ಬೆಂಗಳೂರಿನ ಮಾತು ಅಲ್ಲಿಗೆ ನಿಂತಿತು. ಆ ದಿನ ಅವರೊಂದು ನೋಟ್‌ಬುಕ್ ತೆಗೆದು, ನನಗೆಂದು ಒಂದು ಪುಟ ಮಾಡಿ, ಪೆನ್ಸಿಲ್ಲಿನಲ್ಲಿ ದುಂಡಗೆ ನಾಲ್ಕಾರು ಚುಕ್ಕಿ ಬರೆದರು. ಶುಗರ್ ಬಂದ ಪ್ರತಿ ಬಸುರಿಗೂ ಅದರಲ್ಲಿ ಒಂದು ಪುಟ. ಹೆರಿಗೆಗೆ ಮುಂಚೆ ಚುಕ್ಕಿ ಎಷ್ಟು ದಪ್ಪ, ಆಮೇಲೆ ಎಷ್ಟು. ಅನೇಕರಲ್ಲಿ ಹೆರಿಗೆಯಾದ ಮೇಲೆ ಹೆಸರುಕಾಳು ಮತ್ತೆ ಸಾಸಿವೆಯಾಗುತ್ತದೆ, ಕೆಲವರಲ್ಲಿ ಆಗುವುದಿಲ್ಲ ಎಂದರು. ಇದರಿಂದ ಶುಗರ್ ಗೊತ್ತಾಗುತ್ತಾ ಎಂದು ಕೇಳಿದೆ. "ಇಲ್ಲ ಕಣವ್ವ. ಶುಗರ್ ನೋಡೋಕೆ ಶುಗರ್ ಪರೀಕ್ಷೆನೇ ಆಗ್ಬೇಕು. ಇದು ನನ್ ಹುಚ್ಚು. ಆದ್ರೆ ಸಾಸಿವೆ ಆಗ್ದೇ ಇದ್ದೋರ್ನ ನಾನು ಮರೆಯಕಿಲ್ಲ, ಅಷ್ಟೇ" ಎಂದರು. "ಮೇಡಮ್ಮೋರೆ" ಹೋಗಿ "ಕಣವ್ವ" ಬಂದದ್ದು ಅಂದೇ.

ಮಗಳು ಹುಟ್ಟಿದಳು. ಲ್ಯಾಬಕ್ಕ ಆಸ್ಪತ್ರೆಗೇ ಬಂದು ಮಗುವನ್ನು ನೋಡಿ, "ಆರನೇ ವಾರಕ್ಕೆ ಖಾಲಿ ಹೊಟ್ಟೇಲಿ ಬಂದು ರಕ್ತ ಕೊಡ್ಬೇಕು, ಮರೀಬ್ಯಾಡ" ಎಂದು ಹೇಳಿ ಹೋದರು. ಬಾಣಂತನ ಹಿರೀಸಾವೆಯ ಹತ್ತಿರ ನಮ್ಮೂರಿನ ಮನೆಯಲ್ಲಿ. ಆರನೇ ವಾರ ಬಂದಾಗ ಅಜ್ಜಿ ಕಡ್ಡಿ ಮುರಿದಂತೆ ಹೇಳಿದಳು. "ಹಸಿ ಮೈ. ಮೂರು ತಿಂಗ್ಳು ಹೊಸ್ಲು ದಾಟಂಗಿಲ್ಲ. ಮಗೀನ ಜೊತೇಲೆ ಶುಗರೂ ಓಯ್ತು. ಇನ್ಯಾತರ ರಕ್ತ?" ನಾನು ಲ್ಯಾಬಕ್ಕನಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. "ನೀನು ಬರ್ಬ್ಯಾಡ. ನಾನೇ ಬತ್ತೀನಿ" ಎಂದರು.

ಭಾನುವಾರ ಬೆಳಿಗ್ಗೆ ಸ್ಕೂಟಿಯಲ್ಲಿ ಬಂದರು, ಹಿಂದೆ ಥರ್ಮೊಕೋಲಿನ ಡಬ್ಬಿ ಕಟ್ಟಿಕೊಂಡು. ಅಜ್ಜಿ ಜಗುಲಿಯಲ್ಲೇ ತಡೆದಳು. ಹೊರಗಿನವರು ಬಾಣಂತಿ ಕೋಣೆಗೆ ಬರುವ ಹಾಗಿಲ್ಲ ಎಂದಳು. ಅದು ಅರ್ಧ ನಿಜ. ಹಿಂದಿನ ದಿನ ಪಕ್ಕದ ಮನೆಯ ಹೆಂಗಸರು ಮೂವರು ಒಳಗೆ ಬಂದು ಮಗು ಆಡಿಸಿ ಹೋಗಿದ್ದರು. ಲ್ಯಾಬಕ್ಕ ಯಾವ ಊರಿನವರು, ಯಾರ ಪೈಕಿ ಎಂದು ಅಜ್ಜಿ ಮೊದಲೇ ಯಾರ ಹತ್ತಿರವೋ ವಿಚಾರಿಸಿಕೊಂಡಿದ್ದಳು. ಎಲ್ಲವೂ ನನಗೆ ಗೊತ್ತಿತ್ತು. ಓದಿದವಳು, ಮಕ್ಕಳಿಗೆ ಪಾಠ ಹೇಳುವವಳು, ಒಳಗೆ ಮಂಚದ ಮೇಲೆ ಕೂತು ಒಂದು ಮಾತೂ ಆಡಲಿಲ್ಲ. ಆ ಮೌನಕ್ಕೆ ಇವತ್ತಿಗೂ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

ನಮ್ಮೂರ ಕಾಲೋನಿಯ ಹಿರಿಯರು ಅಜ್ಜಿಯನ್ನು "ಅಮ್ಮೋರೆ" ಎನ್ನುತ್ತಿದ್ದರು. ಲ್ಯಾಬಕ್ಕ ಹಾಗೆನ್ನದೆ, "ಅಜ್ಜಿ, ಆ ಕೋಣೆಗೆ ಕಿಟಕಿ ಐತಾ?" ಎಂದು ಕೇಳಿದರು.

ಕಿಟಕಿ ಜಗುಲಿಗೇ ತೆರೆಯುತ್ತಿತ್ತು. ನಾನು ಸರಳಿನ ನಡುವೆ ಕೈ ಹೊರಗೆ ಚಾಚಿದೆ. ಅವರು ಜಗುಲಿಯ ಮೇಲೆ ಮಂಡಿಯೂರಿ, ತೋಳಿಗೆ ಪಟ್ಟಿ ಕಟ್ಟಿ, "ಏನಾದ್ರೂ ತಿಂದಿದ್ದೀಯಾ?" ಎಂದರು. "ಇಲ್ಲಕ್ಕ" ಎಂದೆ. ರಕ್ತ ತೆಗೆದು ಅಲ್ಲೇ ಗಾಜಿನ ಮೇಲೆ ತೊಟ್ಟು ಎಳೆದು, ಗಾಳಿಗೆ ಬೀಸಿ ಒಣಗಿಸಿದರು. ಅಜ್ಜಿ ಕೊಟ್ಟ ನೀರು ಬೇರೆ ಲೋಟದಲ್ಲಿತ್ತು. ಅದನ್ನು ಹಾಗೇ ಇಟ್ಟು, ತಮ್ಮ ಬಾಟಲಿಯಿಂದ ಕುಡಿದು ಹೊರಟರು.

ಅಂದೇ ಮಧ್ಯಾಹ್ನ ಮತ್ತೆ ಬಂದರು. ಫೋನಿನಲ್ಲಿ ಹೇಳುವ ಸುದ್ದಿಯಲ್ಲ ಎಂದು ಬಂದದ್ದು. ಶುಗರ್ ಬಹಳ ಹೆಚ್ಚಿತ್ತು, ಬಸುರಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು. ನಾನು ಕಿಟಕಿ ಹಿಡಿದುಕೊಂಡು ಅತ್ತೆ. ಜೀವನ ಪೂರ್ತಿ ಮಾತ್ರೆ, ಇನ್ನೊಂದು ಮಗುವಿನ ಆಸೆ ಬಿಡಬೇಕು, ಮಗಳು ದೊಡ್ಡವಳಾಗುವ ಹೊತ್ತಿಗೆ ನನ್ನ ಕಣ್ಣು ಹೋಗಿರುತ್ತದೆ, ಹೀಗೆ ಏನೇನೋ. "ಅಳ್ಬ್ಯಾಡ, ಇನ್ನೊಂದ್ಸಲ ನೋಡೋವರ್ಗೂ ನಾನು ಇದ್ನ ನಂಬಕಿಲ್ಲ" ಎಂದು ಹೋದರು.

ಎರಡು ದಿನ ಬಿಟ್ಟು ಹೇಳದೆ ಕೇಳದೆ, ಬೆಳಿಗ್ಗೆ ಬಿಸಿಲು ಏರುವ ಮೊದಲೇ ಬಂದರು. ಕಿಟಕಿಯಿಂದ ಅವರ ಮುಖ ಕಾಣುವ ಹೊತ್ತಿಗೆ ಸರಿಯಾಗಿ ಅಜ್ಜಿ ನನ್ನ ಬಾಯಿಗೆ ನಿಂಬೆಹಣ್ಣಿನ ಗಾತ್ರದ ಖಾರದುಂಡೆ ಇಡುತ್ತಿದ್ದಳು. ಶುಂಠಿ, ಮೆಣಸು, ಅಂಟು, ಕೊಬ್ಬರಿ, ತುಪ್ಪ, ಅರ್ಧಕ್ಕರ್ಧ ಬೆಲ್ಲ.

"ಅದೇನಜ್ಜಿ ಬಾಯಿಗೆ ಇಡ್ತಿರೋದು?"

"ಮದ್ದು ಕಣವ್ವ. ಬಾಣಂತಿ ಮದ್ದು."

"ದಿನಾಲೂ ಕೊಡ್ತೀರಾ?"

"ಎದ್ದೇಟ್ಗೆ ಕೊಡ್ಬೇಕು. ಹಸಿ ಮೈಗೆ ಶೀತ ಹೊಡೀಬಾರ್ದಲ್ಲ."

"ಮೊನ್ನೆ ನಾನು ಬಂದಾಗ?"

"ಅವತ್ತು ಖಾಲಿ ಹೊಟ್ಟೇಲಿ ರಕ್ತ ಕೊಡ್ಬೇಕಲ್ಲ, ಸುಸ್ತಾಗ್ಬಾರ್ದು ಅಂತ ಎಲ್ಡು ಕೊಟ್ಟೆ."

ಲ್ಯಾಬಕ್ಕ ಜಗುಲಿಯ ಮೇಲೆ ಕುಸಿದು ಕೂತರು. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಎಮ್ಮೆಸ್ಸಿ ಓದಿದೋಳು, ಇಲ್ಲಕ್ಕ ಅಂದ್ಯಲ್ಲೇ!" ಎಂದರು. ನಾನು ಸುಳ್ಳು ಹೇಳಿರಲಿಲ್ಲ. ತಿನ್ನುವುದು ಎಂದರೆ ರೊಟ್ಟಿ, ಇಡ್ಲಿ, ಅನ್ನ. ಮದ್ದನ್ನು ತಿನ್ನುವ ಲೆಕ್ಕಕ್ಕೆ ನಾನು ಹುಟ್ಟಿದಾಗಿನಿಂದ ಸೇರಿಸಿದವಳೇ ಅಲ್ಲ.

ಅಜ್ಜಿಗೆ ಮುಖಭಂಗವಾಯಿತು. "ನಮ್ ಕಾಲ್ದಲ್ಲಿ ಯಾರ್ಗೆ ಇತ್ತವ್ವ ಇದೆಲ್ಲ? ಹೆತ್ರು, ಎದ್ರು, ಕೆಲ್ಸಕ್ಕೋದ್ರು. ನೀನ್ಯಾಕೆ ಇಂಗೆ ಹಿಂದೆ ಬಿದ್ದಿದ್ದೀಯ?" ಎಂದಳು.

ಲ್ಯಾಬಕ್ಕನ ನಗು ನಿಂತಿತು. ಗೋಡೆಗೆ ಒರಗಿ, ಬೀದಿ ನೋಡುತ್ತ ಹೇಳಿದರು. "ನಮ್ಮಕ್ಕಂಗೂ ಬಸ್ರೀಲಿ ಶುಗರ್ ಬಂದಿತ್ತಜ್ಜಿ. ಹೆಣ್ಮಗು ಆಯ್ತು. ಮಗೀನ ಜೊತೇಲೆ ಶುಗರೂ ಓಯ್ತು ಅಂದ್ರು, ನೀವು ಅಂದ್ರಲ್ಲ, ಅಂಗೇಯ. ನಾನಾಗ ಹಾಸನದಲ್ಲಿ ಇದೇ ಓದ್ತಿದ್ದೆ. ನನ್ ಕೈಲೇ ಸೂಜಿ ಇತ್ತು. ನಾನೂ ಕೇಳ್ಲಿಲ್ಲ, ತೆಗೀಲಿಲ್ಲ. ಎಲ್ಡು ವರ್ಷಕ್ಕೆ ಇನ್ನೊಂದು ಬಸ್ರಾದ್ಲು. ಒಳಗೆ ಶುಗರ್ ಸುಮ್ಕೆ ಬೆಳ್ಕೊಂಡು ಕೂತಿತ್ತು. ಗೊತ್ತಾಗೋ ಹೊತ್ಗೆ ಮಗೂನೂ ಉಳೀಲಿಲ್ಲ, ಅವ್ಳೂ ಉಳೀಲಿಲ್ಲ. ಆ ಮೊದಲ್ನೇ ಮಗಳೇ ಈಗ ನನ್ ಜೊತೆ ಇರೋಳು."

ಅಜ್ಜಿ ಕೈಯಲ್ಲಿದ್ದ ಉಂಡೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿದಳು. "ನಾಳಿಕೆ ಬಾರವ್ವ. ಏನೂ ಕೊಡಕಿಲ್ಲ" ಎಂದಳು.

ಮರುದಿನ ಅಜ್ಜಿಯೇ ಬಾಗಿಲಲ್ಲಿ ನಿಂತು "ಒಳೀಕೆ ಬಾ" ಎಂದು ಕರೆದಳು. ಎಂಬತ್ತು ದಾಟಿದ ನಮ್ಮಜ್ಜಿ ಆ ಮಾತನ್ನು ಯಾರಿಗೆ ಹೇಳಿದಳು ಎಂಬುದು ನನಗೆ ಗೊತ್ತು, ಅದು ಅವಳಿಗೆ ಎಷ್ಟು ಭಾರವಾಗಿತ್ತೆಂಬುದೂ ಗೊತ್ತು. ಲ್ಯಾಬಕ್ಕ ಚಪ್ಪಲಿ ಬಿಚ್ಚಲಿಲ್ಲ. "ಇವತ್ತೂ ಕಿಟಕೀಲೆ ಆಗ್ಲಿ ಬುಡಿ ಅಜ್ಜಿ, ಇಲ್ಲೇ ಬೆಳಕು ಚೆನ್ನಾಗೈತೆ" ಎಂದು ನಗುತ್ತಲೇ ಹೇಳಿ, ಮಂಡಿಯೂರಿ, ಮೊದಲ ಸಲ ಆ ಪ್ರಶ್ನೆ ಕೇಳಿದರು. "ಬೆಳಗಿಂದ ಬಾಯಿಗೆ ಏನೇನ್ ಬಿತ್ತು?" ಹೊರಡುವಾಗ ಅಜ್ಜಿಗೆ, "ಆ ಉಂಡೆ ನಾಕು ಕಟ್ಕೊಡಿ, ನಂಗೆ ಶುಗರಿಲ್ಲ" ಎಂದರು. ಅಜ್ಜಿ ಡಬ್ಬಿಯನ್ನೇ ಕೊಟ್ಟುಬಿಟ್ಟಳು.

ಆ ಸಲ ಶುಗರ್ ಹದ್ದಿನೊಳಗೇ ಇತ್ತು, ಹದ್ದಿಗೆ ತೀರ ಹತ್ತಿರ. ಪ್ಲೇಟ್‌ಲೆಟ್ಟುಗಳು ಮಾತ್ರ ಪೂರ್ತಿ ಸಾಸಿವೆಯಾಗಿರಲಿಲ್ಲ. "ವರ್ಷಕ್ಕೊಂದ್ಸಲ ಮಗಳ ಹುಟ್ಟಿದ್ದಬ್ಬದ ತಿಂಗ್ಳು ಬಾ. ಅವ್ಳಿಗೆ ಕೇಕು, ನಿಂಗೆ ಸೂಜಿ" ಎಂದರು. ನಾಲ್ಕು ವರ್ಷ ತಪ್ಪದೆ ಹೋದೆ. ಅವರು ಬಗ್ಗಿ ನೋಡಿ, ಪೆನ್ಸಿಲ್ಲಿನಲ್ಲಿ ಚುಕ್ಕಿ ಬರೆದು, "ಹೆಸರುಕಾಳೇ ಕಣವ್ವ, ಸಿಹಿ ಕಮ್ಮಿ ಮಾಡು, ನಡಿ" ಎಂದು ಕಳಿಸುತ್ತಿದ್ದರು. ಮಗಳಿಗೆ ಒಂದು ಬಲೂನು ಕಟ್ಟಿಕೊಡುತ್ತಿದ್ದರು, ಕೈಗವಸನ್ನೇ ಊದಿ.

ಆಮೇಲೆ ಬಿಟ್ಟೆ. ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿ, ಅಜ್ಜಿಯ ಸಾವು, ಮನೆ ಬದಲಾಯಿಸಿದ್ದು, ಕಾರಣಗಳಿಗೇನು ಬರ. ನಿಜ ಏನೆಂದರೆ ಹೆದರಿಕೆ. ಎರಡು ವರ್ಷದಿಂದ ಬಾಯಿ ಒಣಗುತ್ತಿತ್ತು, ಪಾಠ ಮಾಡುತ್ತ ನಿಂತಾಗ ಕಾಲು ಸೋಲುತ್ತಿತ್ತು. ನೋಡದಿದ್ದರೆ ಇಲ್ಲ ಎಂದೇ ಅಂದುಕೊಂಡಿದ್ದೆ. ಅವರು ಪ್ರತಿ ವರ್ಷ ಫೋನ್ ಮಾಡುತ್ತಿದ್ದರು, ನಾನು "ಬರ್ತೀನಕ್ಕ" ಎನ್ನುತ್ತಿದ್ದೆ. ಕಳೆದ ತಿಂಗಳು ಒಂದು ಸೋಮವಾರ ಮತ್ತೆ ಫೋನ್ ಬಂತು. ಸ್ಟಾಫ್ ರೂಮಿನಲ್ಲಿದ್ದೆ, ಮುಂದೆ ಯಾರದೋ ಬಡ್ತಿಯ ಮೈಸೂರುಪಾಕು ಇತ್ತು. "ಇಲ್ಲೇ ಇನ್ನೊಂದು ಕಡೆ ಮಾಡಿಸಿದೆ ಅಕ್ಕ, ಎಲ್ಲಾ ನಾರ್ಮಲ್" ಎಂದೆ. "ಅಂಗಾ? ಸರಿ ಕಣವ್ವ" ಎಂದು ಇಟ್ಟರು.

ಆ ಶುಕ್ರವಾರ ಅವರು ಹೋಗಿಬಿಟ್ಟರು. ಲ್ಯಾಬಿನಲ್ಲೇ, ಸ್ಟೂಲಿನ ಮೇಲೆ ಕೂತಿದ್ದಂತೆಯೇ ಎದೆ ಹಿಡಿದುಕೊಂಡರಂತೆ. ವಾಟ್ಸಾಪಿನಲ್ಲಿ ಯಾರೋ ಹಾಕಿದ ಫೋಟೊ ನೋಡಿ ನನಗೆ ಗೊತ್ತಾಯಿತು. ಕನ್ನಡಕ ತಲೆಯ ಮೇಲೇ ಇತ್ತು.

ಅರಕಲಗೂಡಿನ ಕಡೆಯ ಅವರ ಊರಿನಲ್ಲಿ ಮುಂದಿನ ಭಾನುವಾರ ಅವರ ನೆನಪಿಗೆ ಬುದ್ಧವಂದನೆ ಇಟ್ಟುಕೊಂಡಿದ್ದರು. ಹೋದೆ. ಮನೆಯ ಮುಂದಿನ ಶಾಮಿಯಾನದ ತುಂಬ ಹೆಂಗಸರು, ಸೊಂಟದಲ್ಲಿ, ಬೆರಳು ಹಿಡಿದುಕೊಂಡು ಮಕ್ಕಳು. ಹೊಳೆನರಸೀಪುರದಿಂದ, ಹಾಸನದಿಂದ, ಹಳ್ಳಿಹಳ್ಳಿಯಿಂದ ಬಂದಿದ್ದರು. ಪಕ್ಕದಲ್ಲಿ ಕೂತಿದ್ದಾಕೆಯನ್ನು ನಿಮಗೆ ಹೇಗೆ ಪರಿಚಯ ಎಂದು ಕೇಳಿದೆ. "ನಂದು ಸಾಸಿವೆ ಆಯ್ತು ಅಂತ ಅಕ್ಕ ಕುಣಿದಾಡ್ಬುಟ್ರು ಕಣಕ್ಕ" ಎಂದು ಹೇಳಿ ಅತ್ತುಬಿಟ್ಟಳು. ನನ್ನೊಬ್ಬಳದೇ ಎಂದುಕೊಂಡಿದ್ದ ಮಾತು ಅಷ್ಟೂ ಜನರದ್ದಾಗಿತ್ತು.

ಊಟವಾದ ಮೇಲೆ ಅಕ್ಕನ ಮಗಳು ನನ್ನನ್ನು ಒಳಗೆ ಕರೆದಳು. ಆ ಮನೆಯ ಒಳಕೋಣೆಯಲ್ಲಿ, ಅವರ ಮಂಚದ ಮೇಲೆಯೇ ಕೂರಿಸಿ, ಬಾಳೆಹಣ್ಣು ಕೊಟ್ಟಳು. ನೋಟ್‌ಬುಕ್ ತೆಗೆದು, ಬೇರೆಯವರ ಪುಟ ಕಾಣದಂತೆ ರಟ್ಟು ಅಡ್ಡ ಹಿಡಿದು, ನನ್ನದನ್ನು ಮಾತ್ರ ತೋರಿಸಿದಳು. ಮೊದಲ ಸಾಲಿನಲ್ಲಿ ದಪ್ಪ ಚುಕ್ಕಿಗಳು. ಆಮೇಲೆ ಒಂದೊಂದು ವರ್ಷಕ್ಕೆ ಒಂದೊಂದು ಸಾಲು. ಕೊನೆಯ ವರ್ಷಗಳ ಜಾಗ ಖಾಲಿ. ಅದರ ಕೆಳಗೆ, ನಾನು ಫೋನಿನಲ್ಲಿ ಮಾತಾಡಿದ ಸೋಮವಾರದ ತಾರೀಖು ಹಾಕಿ, ಪೆನ್ಸಿಲ್ಲಿನಲ್ಲಿ ಬರೆದಿದ್ದರು: "ಸುಳ್ಳು ಹೇಳ್ತಾಳೆ. ಭಾನುವಾರ ಮನೆಗೇ ಹೋಗಬೇಕು. ಕಿಟಕಿಯಾದರೂ ಸರಿ."

ಅವರ ಮಂಚದ ಮೇಲೆ ಕೂತೇ ಅತ್ತೆ. ಎಂಟು ವರ್ಷದ ಹಿಂದೆ ಬಾಯಲ್ಲಿ ಉಳಿದುಹೋದ "ಒಳಗೆ ಬನ್ನಿ ಅಕ್ಕ" ಎಂಬ ಮಾತು ಆಗ ಹೊರಗೆ ಬಂತು. ಕೇಳಿಸಿಕೊಳ್ಳಲು ಅವರಿರಲಿಲ್ಲ, ಆ ಹುಡುಗಿ ಕೇಳಿಸಿಕೊಂಡಳು.

ಮರುದಿನ ಶಾಲೆಗೆ ರಜೆ ಹಾಕಿ ಚನ್ನರಾಯಪಟ್ಟಣದ ಲ್ಯಾಬಿಗೆ ಹೋದೆ. ಬೀಗ ತೆಗೆದ ಮೊದಲ ದಿನ. ಹುಡುಗಿ ಪಟ್ಟಿ ಕಟ್ಟಿದಳು, ಆ ಪ್ರಶ್ನೆ ಕೇಳುವುದನ್ನು ಮರೆತಿದ್ದಳು. ನಾನೇ ಹೇಳಿದೆ. "ಬೆಳಗಿಂದ ಬಾಯಿಗೆ ಒಂದು ಲೋಟ ನೀರು ಬಿಟ್ಟು ಏನೂ ಬಿದ್ದಿಲ್ಲ ಕಣವ್ವ. ಮದ್ದೂ ಇಲ್ಲ."

ಶುಗರ್ ಬಂದಿದೆ. ಮಾತ್ರೆ ಶುರುವಾಗಿದೆ. ಇನ್ನೂ ಕೈ ಮೀರಿಲ್ಲ, ಕಣ್ಣು ಕಿಡ್ನಿ ಎಲ್ಲ ಚೆನ್ನಾಗಿವೆ, ಹಿಡಿತಕ್ಕೆ ತರಬಹುದು ಎಂದರು ಡಾಕ್ಟರು. ಹುಡುಗಿ ಗಾಜಿನ ಪಟ್ಟಿಯನ್ನು ಬಹಳ ಹೊತ್ತು ನೋಡಿ, ನೋಟ್‌ಬುಕ್ಕಿನಲ್ಲಿ ತನ್ನ ಚಿಕ್ಕಮ್ಮನ ಆ ಸಾಲಿನ ಕೆಳಗೆ ದುಂಡಗೆ ಹೆಸರುಕಾಳು ಬರೆದಳು. ನಾನು ಪೆನ್ಸಿಲ್ ಇಸಿದುಕೊಂಡು, ಅದರ ಪಕ್ಕದಲ್ಲಿ "ನಾನೇ ಬಂದೆ ಅಕ್ಕ" ಎಂದು ಬರೆದು, ತಾರೀಖು ಹಾಕಿದೆ.